ಏನೂ ಕೇಳಿಸದ ಒಂದು ನಿಮಿಷ

ಮಾರ್ಚ್ ೧೧, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಧ್ವನಿಪುಸ್ತಕ ಸಂಸ್ಥೆಯ ಸಂಯೋಜಕಿ ಫೋನ್ ಮಾಡಿದಾಗ ನಾನು ನನ್ನ ಎಂಟಡಿ ಹತ್ತಡಿಯ ಕೋಣೆಯಲ್ಲಿ ಆರನೇ ಅಧ್ಯಾಯದ ಕೊನೆಯ ಪುಟ ಓದುತ್ತಿದ್ದೆ. ಗೋಡೆಗಳಿಗೆಲ್ಲ ಮನೆಯ ಹಳೆಯ ರಜಾಯಿಗಳನ್ನು ಇಳಿಬಿಟ್ಟಿದ್ದರಿಂದ ಆ ಕೋಣೆಯಲ್ಲಿ ಫೋನು ಕೂಡ ಪಿಸುಗುಟ್ಟಿದಂತೆ ಕೇಳಿಸುತ್ತದೆ.

"ಮೇಡಂ, ಬೇಜಾರು ಮಾಡ್ಕೋಬೇಡಿ. ನೀವು ಕಳಿಸಿದ ಐದೂ ಅಧ್ಯಾಯ ತಪಾಸಣೆಯಿಂದ ವಾಪಸ್ ಬಂದಿದೆ. ಹಿಂದೆ ಸುಯ್ ಅನ್ನೋ ಸದ್ದು ಜಾಸ್ತಿ."

"ಎಷ್ಟು?"

"ಎಷ್ಟು ಅಂದ್ರೆ? ಜಾಸ್ತಿ."

"ಎಷ್ಟು ಡೆಸಿಬೆಲ್?"

ಅತ್ತಲಿಂದ ಕಂಪ್ಯೂಟರಿನ ಕೀಲಿಗಳನ್ನು ಒತ್ತಿದ ಸದ್ದು. "ಮೈನಸ್ ನಲವತ್ತೇಳು ಅಂತಿದೆ. ಮೈನಸ್ ಅರವತ್ತಕ್ಕಿಂತ ಕೆಳಗಿರಬೇಕು. ಒಂದು ಪುಟಾನ ನಮ್ಮವರು ಸಾಫ್ಟ್‌ವೇರ್‌ನಲ್ಲಿ ತೊಳೆದಿದಾರೆ, ಕೇಳಿ ನೋಡಿ. ಅದು ಬೇಡ ಅಂದ್ರೆ ಶುಕ್ರವಾರ ಸಂಜೆ ಐದರೊಳಗೆ ನೀವೇ ಹೊಸ ಮಾದರಿ ಕಳಿಸಿ. ಒಂದು ಪುಟ ಓದು, ಒಂದು ನಿಮಿಷ ಖಾಲಿ. ಅದೂ ಆಗದಿದ್ರೆ ಪುಸ್ತಕ ಬೇರೆಯವರ ಹತ್ರ ಮೊದಲಿಂದ ಓದಿಸ್ತೀವಿ. ನಿಮ್ಮ ಹೆಸರು ಲೇಖಕಿ ಅಂತ ಇದ್ದೇ ಇರುತ್ತೆ."

ಪುಸ್ತಕ ನನ್ನದೇ. ಕಣ್ಣು ಕಾಣದ ವಿದ್ಯಾರ್ಥಿಗಳು ಕೈಯಿಂದ ಮುಟ್ಟಿ, ಕಿವಿಯಿಂದ ಕೇಳಿ ಮಾಡಬಹುದಾದ ಭೌತಶಾಸ್ತ್ರದ ಪ್ರಯೋಗಗಳು, ಒಟ್ಟು ಎಂಟು ಅಧ್ಯಾಯ. ಇಪ್ಪತ್ತಾರು ವರ್ಷ ಕಾಲೇಜಿನ ಲ್ಯಾಬಿನಲ್ಲಿ ನಲವತ್ತು ಹುಡುಗಿಯರ ಗಲಾಟೆಯ ಮೇಲೆ ಕೂಗಿ ಹೇಳಿಕೊಟ್ಟ ಪಾಠಗಳವು. ಎರಡು ವರ್ಷದ ಹಿಂದೆ ಥೈರಾಯ್ಡ್ ಶಸ್ತ್ರಚಿಕಿತ್ಸೆಯ ನಂತರ ನನ್ನ ಎಡಗಡೆಯ ಧ್ವನಿತಂತು ಅಲುಗಾಡುವುದನ್ನು ನಿಲ್ಲಿಸಿತು. ಈಗ ನಾನು ಮಾತಾಡಿದರೆ ಅರ್ಧ ಧ್ವನಿ, ಅರ್ಧ ಉಸಿರು. ಕೂಗುವುದಂತೂ ಆಗುವುದಿಲ್ಲ. ಓದುವುದು ಆಗುತ್ತದೆ.

ಅವರು ತೊಳೆದ ಪುಟವನ್ನು ಮೂರು ಸಲ ಕೇಳಿದೆ. ಸುಯ್ ಎನ್ನುವ ಸದ್ದು ನಿಜಕ್ಕೂ ಹೋಗಿತ್ತು. ಅದರ ಜೊತೆಗೆ ನನ್ನ ಹಕಾರ, ಸಕಾರ, ಶಕಾರಗಳೂ ಸವೆದುಹೋಗಿದ್ದವು. ವಾಕ್ಯದ ಕೊನೆಯಲ್ಲಿ ನನ್ನ ಮಾತು ಉಸಿರಾಗಿ ಇಳಿಯುವ ಕಡೆಯಲ್ಲೆಲ್ಲ ಕತ್ತರಿಸಿದ ಹಾಗೆ ನಿಶ್ಶಬ್ದ. ಸಾಫ್ಟ್‌ವೇರಿನ ತಪ್ಪೇನಿಲ್ಲ. ಉಪಕರಣದ ಸುಯ್ಯೆನ್ನುವ ಸದ್ದೂ ನನ್ನ ಉಸಿರೂ ಲೆಕ್ಕಾಚಾರಕ್ಕೆ ಒಂದೇ ಥರ ಕಾಣುತ್ತವೆ. ಎರಡನ್ನೂ ಕಸವೆಂದು ಗುಡಿಸಿಹಾಕಿತ್ತು.

ಸಂಯೋಜಕಿಗೆ ವಾಪಸ್ ಫೋನ್ ಮಾಡಿ, "ತೊಳೆಯೋದು ಬೇಡ. ಶುಕ್ರವಾರ ಕಳಿಸ್ತೀನಿ," ಎಂದೆ.

ಸಂಜೆ ಅಣ್ಣ ಬಂದ. ಅಣ್ಣ ಸಭೆ ಸಮಾರಂಭಗಳಿಗೆ ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುತ್ತಾನೆ. ಒಂದು ಆಟೋ ತುಂಬುವಷ್ಟು ದೊಡ್ಡ ಸ್ಪೀಕರುಗಳು, ಅದಕ್ಕೆ ತಕ್ಕ ಗಂಟಲು. ಅವನೂ ಅತ್ತಿಗೆಯೂ ಕೆಳಗಿನ ಮನೆಯಲ್ಲಿ, ನಾನು ಮೇಲೆ. ವಿಷಯ ಕೇಳಿ ಅವನು ಕುರ್ಚಿ ಎಳೆದುಕೊಂಡು ಕೂತ.

"ನೀನು ಮೈಕನ್ನ ನೇರ ಕಂಪ್ಯೂಟರಿಗೆ ಚುಚ್ಚಿದ್ರೆ ಇನ್ನೇನಾಗುತ್ತೆ? ಮಧ್ಯೆ ಧ್ವನಿ ಏರಿಸೋ ಮಿಕ್ಸರ್ ತಗೋ. ಹನ್ನೆರಡು ಚಾನೆಲ್‌ದು. ಅದರಲ್ಲಿ ಎಕೋ ಇರುತ್ತೆ, ಸ್ವಲ್ಪ ಹಾಕಿದ್ರೆ ಗಂಟಲಿನ ಬಿರುಕೆಲ್ಲ ಮುಚ್ಚಿಹೋಗುತ್ತೆ."

"ನನಗಿರೋದು ಒಂದು ಮೈಕು, ಒಂದು ಬಾಯಿ. ಹನ್ನೆರಡು ಚಾನೆಲ್ ಯಾತಕ್ಕೆ? ಮತ್ತೆ ಬಿರುಕು ಮುಚ್ಚೋದು ಬೇಡ ಅಣ್ಣ."

"ಬೇಡವಾ? ಹಾಗಾದ್ರೆ ಇನ್ನೇನು ಬೇಕು ನಿನಗೆ?"

"ಸದ್ದು ಮಾಡದೇ ಇರೋ ಮಿಕ್ಸರ್."

ಅಣ್ಣ ಬಾಗಿಲಲ್ಲಿ ನಿಂತಿದ್ದ ಅತ್ತಿಗೆಯ ಕಡೆ ತಿರುಗಿದ. "ಕೇಳಿದ್ಯಾ? ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ."

ಅತ್ತಿಗೆ ಟೀ ಲೋಟವನ್ನು ಅವನ ಮುಂದೆ ಸ್ವಲ್ಪ ಜೋರಾಗಿಯೇ ಇಟ್ಟರು.

ನನಗೆ ಬೇಕಾಗಿದ್ದು ಏನು ಎಂಬುದು ನನಗೆ ಸ್ಪಷ್ಟವಿತ್ತು. ಸಣ್ಣ ಧ್ವನಿಯನ್ನು ದೊಡ್ಡದು ಮಾಡಬೇಕಾದರೆ ಮಿಕ್ಸರಿನ ಗೇನ್ ಗುಂಡಿಯನ್ನು ಹೆಚ್ಚುಕಮ್ಮಿ ಕೊನೆಯವರೆಗೂ ತಿರುಗಿಸಬೇಕು. ಜೋರು ಗಂಟಲಿನವರಿಗೆ ಆ ಅವಸ್ಥೆ ಬರುವುದಿಲ್ಲ. ಆದ್ದರಿಂದ ಆ ತುದಿಯಲ್ಲಿ ಯಂತ್ರ ಹೇಗೆ ನಡೆದುಕೊಳ್ಳುತ್ತದೆ ಎಂದು ಯಾರೂ ನೋಡಲು ಹೋಗುವುದಿಲ್ಲ. ನಾನು ನೋಡಲೇಬೇಕಿತ್ತು. ಓದುವಾಗ ನನ್ನ ಧ್ವನಿ ನನಗೆ ಹೆಡ್‌ಫೋನಿನಲ್ಲಿ ತಕ್ಷಣ ಕೇಳಿಸಬೇಕು, ಇಲ್ಲದಿದ್ದರೆ ಅದು ಯಾವಾಗ ಕೈಕೊಡುತ್ತದೆಂದು ಗೊತ್ತಾಗುವುದಿಲ್ಲ. ಮೇಜಿನ ಮೇಲೆ ಪುಸ್ತಕದ ಪಕ್ಕ ಹಿಡಿಸಬೇಕು. ಇಷ್ಟೇ.

ರಾತ್ರಿ ಊಟಕ್ಕೆ ಮುಂಚೆ ಒಂದು ಕೆಲಸ ಮಾಡಿದೆ. ಮೂರು ಪಿನ್ನಿನ ಒಂದು ಮೈಕ್ ಪ್ಲಗ್ಗು ತೆಗೆದುಕೊಂಡು ಅದರೊಳಗೆ ನೂರೈವತ್ತು ಓಮಿನ ರೆಸಿಸ್ಟರ್ ಒಂದನ್ನು ಬೆಸುಗೆ ಹಾಕಿದೆ. ಇದನ್ನು ಚುಚ್ಚಿದರೆ ಮಿಕ್ಸರು ಮೈಕ್ ಇದೆ ಎಂದುಕೊಳ್ಳುತ್ತದೆ, ಆದರೆ ಈ ಮೈಕಿಗೆ ಕಿವಿಯಿಲ್ಲ. ಆಗಲೂ ಸದ್ದು ಕೇಳಿಸಿದರೆ ಅದು ಮಿಕ್ಸರಿನದೇ.

ಬುಧವಾರ ಹನ್ನೊಂದು ಗಂಟೆಗೆ ಅಣ್ಣನ ಜೊತೆ ಅಂಗಡಿಗೆ ಹೋದೆ. ಅಂಗಡಿಯವರು ಅಣ್ಣನ ಹಳೆಯ ಪರಿಚಯ. ಗಿರಾಕಿ ಬಂದೊಡನೆ ಜೋರಾಗಿ ಹಾಡು ಹಾಕಿ ತೋರಿಸುವುದು ಅವರ ರೂಢಿ.

"ಕೇಳಿ ಅಕ್ಕಾ, ಹೇಗೆ ಗುಮ್ ಅಂತಿದೆ!"

"ಚೆನ್ನಾಗಿದೆ. ಅದನ್ನ ನಿಲ್ಲಿಸ್ತೀರಾ?"

ನಿಲ್ಲಿಸಿದರು. ನಾನು ಚೀಲದಿಂದ ಲ್ಯಾಪ್‌ಟಾಪು, ನನ್ನ ಮೈಕು, ಹೆಡ್‌ಫೋನು, ಪುಸ್ತಕದ ಒಂದು ಪುಟ, ಕೊನೆಗೆ ಆ ಪ್ಲಗ್ಗನ್ನು ತೆಗೆದಿಟ್ಟೆ. ಅವರು ಪ್ಲಗ್ಗನ್ನು ಎತ್ತಿ ಹಿಂದೆ ಮುಂದೆ ನೋಡಿದರು.

"ಇದಕ್ಕೆ ವೈರೇ ಇಲ್ವಲ್ಲ ಅಕ್ಕಾ?"

"ಇಲ್ಲ. ಇದು ಏನೂ ಕೇಳಿಸ್ಕೊಳ್ಳೋದಿಲ್ಲ."

"ಅಂದ್ರೆ ಏನೂ ಕೇಳಿಸದೇ ಇರೋದನ್ನ ಕೇಳೋಕೆ ಬಂದಿದೀರಾ?" ಎಂದು ಅವರು ಅಣ್ಣನ ಮುಖ ನೋಡಿದರು.

"ನನ್ನ ಮುಖ ನೋಡ್ಬೇಡ ಮಾರಾಯ," ಎಂದ ಅಣ್ಣ. "ಇವಳು ಚಿಕ್ಕೋಳಿದ್ದಾಗ ತಕ್ಕಡಿ ಸರಿಯಿದೆಯಾ ಅಂತ ನೋಡೋಕೆ ಖಾಲಿ ತಕ್ಕಡಿ ತೂಗಿಸ್ತಿದ್ಲು."

ಎಲ್ಲ ಮಿಕ್ಸರುಗಳನ್ನೂ ಸಮನಾದ ಷರತ್ತಿನಲ್ಲಿ ನೋಡಬೇಕಾದರೆ ಮೊದಲು ಅಲ್ಲಿಯೇ ಗಟ್ಟಿಯಾಗಿ ಓದಬೇಕಿತ್ತು. ಓದುತ್ತಾ ನನ್ನ ಧ್ವನಿಯ ಮಟ್ಟ ಮೈನಸ್ ಇಪ್ಪತ್ತಕ್ಕೆ ಬರುವಷ್ಟು ಗೇನ್ ಏರಿಸಬೇಕು, ಆಮೇಲೆ ಗುಂಡಿ ಮುಟ್ಟದೆ ಮೈಕಿನ ಜಾಗದಲ್ಲಿ ಪ್ಲಗ್ ಚುಚ್ಚಿ ಅಳೆಯಬೇಕು. ಅಂಗಡಿಯಲ್ಲಿ ಇನ್ನೂ ನಾಲ್ಕು ಗಿರಾಕಿಗಳಿದ್ದರು. ನಾನು ಬಾಯಿ ತೆರೆದಾಗ ಒಬ್ಬಾತ ತಿರುಗಿ ನೋಡಿದ. ಅಣ್ಣ ನನ್ನ ಮೊಣಕೈ ಮುಟ್ಟಿ, "ಒಳಗಡೆ ರೂಮಿದೆ, ಅಲ್ಲಿ ಓದೋಣ ಕಣೇ," ಎಂದ ಮೆಲ್ಲಗೆ.

"ಇಲ್ಲೇ ಓದ್ತೀನಿ."

ಓದಿದೆ. ನಾಲ್ಕು ಮಿಕ್ಸರಿಗೆ ನಾಲ್ಕು ಸಲ, ಲೋಲಕದ ಪಾಠದ ಅದೇ ಪುಟವನ್ನು. ಎರಡನೇ ಸಲ ಧ್ವನಿ ಒಡೆಯಿತು, ನೀರು ಕುಡಿದು ಮೊದಲಿಂದ ಓದಿದೆ. ಅಣ್ಣ ಮೆಚ್ಚಿದ ಹನ್ನೆರಡು ಚಾನೆಲ್ಲಿನದು ಮೈನಸ್ ಐವತ್ತೆಂಟು. ಬಣ್ಣದ ದೀಪ ಮಿನುಗುವ ಪುಟಾಣಿ ಒಂದು ಮೈನಸ್ ಐವತ್ತೆರಡು. ಅದಕ್ಕಿಂತ ದೊಡ್ಡದು ಮೈನಸ್ ಐವತ್ತೊಂಬತ್ತು. ಕೊನೆಯದು ಕಪಾಟಿನ ಕೆಳಗಿನ ಸಾಲಿನಲ್ಲಿ ಧೂಳು ತಿನ್ನುತ್ತಿತ್ತು: ಎರಡೇ ಮೈಕಿನದು, ಬೂದು ಬಣ್ಣ, ಎಕೋ ಇಲ್ಲ, ದೀಪಗಳಿಲ್ಲ, ಒಂದು ದಪ್ಪ ಪುಸ್ತಕದಷ್ಟು ಗಾತ್ರ. ಪ್ಲಗ್ ಚುಚ್ಚಿದಾಗ ಹೆಡ್‌ಫೋನು ಮಿಕ್ಸರಿನಿಂದ ಕಳಚಿಬಿದ್ದಿದೆಯೇನೋ ಎಂದು ಅನುಮಾನವಾಗಿ ಮುಟ್ಟಿ ನೋಡಿಕೊಂಡೆ. ಮೈನಸ್ ಅರವತ್ತೆಂಟು.

"ಇದು."

"ಅದು ಆಟಿಕೆ ಕಣೇ," ಎಂದ ಅಣ್ಣ. "ನಾಳೆ ನಾಲ್ಕು ಜನ ಬಂದು ಹಾಡ್ತೀವಿ ಅಂದ್ರೆ?"

"ನಾಲ್ಕು ಜನಾನ ನಿನ್ನ ಹತ್ರ ಕಳಿಸ್ತೀನಿ."

ಅಂಗಡಿಯವರು ಧೂಳು ಒರೆಸಿ ಕಟ್ಟಿಕೊಟ್ಟರು. "ಹೋದ ವರ್ಷದಿಂದ ಇದನ್ನ ಯಾರೂ ಕೇಳೇ ಇಲ್ಲ ಅಕ್ಕಾ. ತೋರಿಸೋಕೆ ಇದರಲ್ಲಿ ಏನೂ ಇಲ್ಲ ನೋಡಿ," ಎಂದರು. ಡಬ್ಬಿಯೊಳಗೆ ಒಂದು ಮೊಳದ ಮೈಕ್ ಕೇಬಲ್ಲೂ ಇತ್ತು.

ಗುರುವಾರ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಣ್ಣ ಎಲ್ಲವನ್ನೂ ಜೋಡಿಸಿಬಿಟ್ಟಿದ್ದ. ಡಬ್ಬಿಯ ಕೇಬಲ್ ನೋಡಿ, "ಇದೇನು, ಬೂಟಿನ ಲಾಡಿನಾ?" ಎಂದು ಪಕ್ಕಕ್ಕೆಸೆದು ತನ್ನ ಹದಿನೈದು ಮೀಟರಿನ ಹಳೆಯ ಕೇಬಲ್ ತಂದಿದ್ದ. ಇಪ್ಪತ್ತು ವರ್ಷ ಸಾವಿರ ವೇದಿಕೆ ಹತ್ತಿ ಇಳಿದ ಕೇಬಲ್ಲು ಅದು. ಹೆಚ್ಚಾದ ಉದ್ದವನ್ನು ವೇದಿಕೆಯವರ ಶಿಸ್ತಿನಲ್ಲಿ ಉರುಟಾಗಿ ಸುತ್ತಿ, ಮೇಜಿನ ಪಕ್ಕದ ಮೊಳೆಗೆ, ಮಿಕ್ಸರಿನ ಕರೆಂಟ್ ಅಡಾಪ್ಟರಿನ ಮೇಲೆಯೇ ನೇತುಹಾಕಿದ್ದ. ನೋಡಲು ಅಚ್ಚುಕಟ್ಟಾಗಿತ್ತು. ಅವನ ಮುಖ ನೋಡಿ ನಾನೂ ಬೇಡವೆನ್ನಲಿಲ್ಲ. ನನ್ನ ತಪ್ಪು ಅದು.

ಅಳೆದೆ. ಮೈನಸ್ ಐವತ್ತೊಂದು. ಹಿಂದೆ ಗುಂಯ್ ಎನ್ನುವ ಸದ್ದು ಬೇರೆ.

"ನಾನು ಹೇಳಿರಲಿಲ್ವಾ?" ಅಣ್ಣನ ಧ್ವನಿಯಲ್ಲಿ ಗೆಲುವಿರಲಿಲ್ಲ, ಬೇಸರವಿತ್ತು. "ಹೋಗ್ಲಿ ಬಿಡೇ. ಸಂಸ್ಥೆಯವರು ತೊಳೀತೀವಿ ಅಂದ್ರಲ್ಲ, ತೊಳೀಲಿ. ಇಲ್ಲಾ, ಬೇರೆ ಯಾರಾದ್ರೂ ಓದ್ಲಿ. ಹೆಸರು ನಿಂದೇ ಇರುತ್ತಲ್ಲ. ಎಷ್ಟು ಅಂತ ಕಷ್ಟಪಡ್ತೀಯಾ? ನಿನ್ನ ಗಂಟಲು ಕೇಳಿದ್ರೆ ನನಗೇ ಒಂಥರಾ ಆಗುತ್ತೆ."

"ನಿನಗೆ ಒಂಥರಾ ಆದ್ರೆ ಕಿವಿ ಮುಚ್ಕೋ ಅಣ್ಣ. ನಾನು ಬಾಯಿ ಮುಚ್ಚೋದಿಲ್ಲ."

ಹೇಳಿದ ಮೇಲೆ ಒರಟಾಯಿತು ಅನ್ನಿಸಿತು. ಆದರೆ ವಾಪಸ್ ತೆಗೆದುಕೊಳ್ಳಲಿಲ್ಲ.

ಲ್ಯಾಬಿನಲ್ಲಿ ಪ್ರಯೋಗ ಕೆಟ್ಟಾಗ ನಾನು ಹುಡುಗಿಯರಿಗೆ ಹೇಳುತ್ತಿದ್ದುದು ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕೇಬಲ್ಲನ್ನು ಕಿತ್ತು ಮಿಕ್ಸರಿಗೆ ನೇರವಾಗಿ ನನ್ನ ಪ್ಲಗ್ಗನ್ನು ಚುಚ್ಚಿದೆ. ಮೈನಸ್ ಅರವತ್ತೆಂಟು, ಅಂಗಡಿಯಲ್ಲಿ ಬಂದಷ್ಟೇ. ಮಿಕ್ಸರು ನಿರಪರಾಧಿ. ಕೇಬಲ್ಲಿನ ತುದಿ ಕೈಗೆತ್ತಿಕೊಂಡಾಗ ಕಾರಣ ಕಣ್ಣಿಗೇ ಬಿತ್ತು. ಅದರ ಮೈಕಿನ ತುದಿಗೆ ಮೂರು ಪಿನ್ನಿದ್ದರೂ ಈ ತುದಿಗೆ ಇದ್ದದ್ದು ಗಿಟಾರಿಗೆ ಹಾಕುವಂಥ ಒಂಟಿ ಕಡ್ಡಿಯ ಜ್ಯಾಕು. ಅದಕ್ಕೆ ಮಿಕ್ಸರಿನಲ್ಲಿ ಬೇರೆಯೇ ರಂಧ್ರ, ಮೈಕಿನ ಸಣ್ಣ ಸದ್ದಿಗಾಗಿ ಮಾಡಿದ್ದಲ್ಲ. ಜೊತೆಗೆ ಅಂಥ ಕೇಬಲ್ಲು ಹತ್ತಿರದ ಕರೆಂಟಿನ ಗುಂಯ್‌ಗುಟ್ಟುವಿಕೆಯನ್ನೆಲ್ಲ ಹೀರಿಕೊಳ್ಳುತ್ತದೆ. ಅದನ್ನು ಸುರುಳಿ ಸುತ್ತಿ ಅಡಾಪ್ಟರಿನ ಮೇಲೆ ತೂಗುಹಾಕಿದರೆ ಕೇಳುವುದೇ ಬೇಡ.

ಎಸೆದಿದ್ದ ಬೂಟಿನ ಲಾಡಿಯನ್ನು ಹುಡುಕಿ ತಂದೆ. ಎರಡೂ ತುದಿಗೆ ಮೂರು ಮೂರು ಪಿನ್ನು.

ಅಣ್ಣ ತನ್ನ ಕೇಬಲ್ಲನ್ನು ಕೈಯಲ್ಲಿ ಹಿಡಿದು ನಿಂತಿದ್ದ. "ವೇದಿಕೆ ಮೇಲೆ ಇದು ಒಂದು ದಿನಾನೂ ಕೈಕೊಟ್ಟಿಲ್ಲ."

"ಕೊಡೋದಿಲ್ಲ. ಅಲ್ಲಿ ಸಾವಿರ ಜನ ಕೆಮ್ತಿರ್ತಾರೆ."

ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. "ನೆಲಾನೇ ಡೊಂಕಿತ್ತು ನೋಡಿ," ಎಂದರು ಅಣ್ಣನಿಗೆ.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಅತ್ತಿಗೆ ಕೆಳಗೆ ಫ್ರಿಜ್ ಆರಿಸಿದರು. ಅಣ್ಣ ತಾನಾಗಿಯೇ ನೀರಿನ ಪಂಪು ಬಂದ್ ಮಾಡಿ, ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತ, ಬಂದವರು ಗಂಟೆ ಒತ್ತದಂತೆ. ನಾನು ಲೋಲಕದ ಪುಟ ಓದಿದೆ. ಮೂರನೇ ಸಾಲಿನಲ್ಲಿ ಧ್ವನಿ ಒಡೆದು ಉಸಿರಾಯಿತು. ನಿಲ್ಲಿಸಲಿಲ್ಲ, ಮತ್ತೆ ಓದಲೂ ಇಲ್ಲ. ಮುಂದಿನ ಪದದಲ್ಲಿ ಅದು ತಾನೇ ವಾಪಸ್ ಬಂತು. ಪುಟ ಮುಗಿದ ಮೇಲೆ ಕೈ ಮಡಚಿ ಒಂದು ನಿಮಿಷ ಸುಮ್ಮನೆ ಕೂತೆ. ಏನನ್ನೂ ತೊಳೆಯದೆ ಕಳಿಸಿದೆ.

ನಾಲ್ಕೂ ಐವತ್ತಕ್ಕೆ ಸಂಯೋಜಕಿಯ ಫೋನು.

"ಮೇಡಂ, ತಪಾಸಣೆ ಆಯ್ತು, ಪಾಸು. ಯಾವ ಸಾಫ್ಟ್‌ವೇರ್ ಹಾಕಿದ್ರಿ?"

"ಯಾವುದೂ ಇಲ್ಲ."

"ಮೂರನೇ ಸಾಲಲ್ಲಿ ಮಾತ್ರ ಸ್ವಲ್ಪ ಗಾಳಿ ಥರ ಇದೆ. ಅದೊಂದನ್ನ ನಾವು..."

"ಅದು ಗಾಳಿ ಅಲ್ಲಮ್ಮಾ, ನಾನು. ಅದನ್ನ ಮುಟ್ಟಬೇಡಿ. ಮುಟ್ಟಿದ್ರೆ ಪುಸ್ತಕಾನೂ ವಾಪಸ್ ಕಳಿಸಿ."

"ಸರಿ ಮೇಡಂ, ಹಾಗೇ ಇರ್ಲಿ. ಐದು ಅಧ್ಯಾಯ ಮತ್ತೆ ಓದ್ಬೇಕಾಗುತ್ತೆ. ಯಾವಾಗಿಂದ ಶುರು ಮಾಡ್ತೀರಿ?"

"ನಾಳೆಯಿಂದ. ಆ ಖಾಲಿ ನಿಮಿಷ ಎಷ್ಟು ಬಂತು, ಹೇಳಿ."

ಕೀಲಿಗಳ ಸದ್ದು ಕೇಳಿಸಿತು. ಅವಳು ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು ಮಿಕ್ಸರಿನ ಬೂದು ಮೈಗೆ ಅಂಟಿಸಿದೆ: ೧೪ ಮಾರ್ಚ್, ಮೈನಸ್ ೬೩ ಡೆಸಿಬೆಲ್.