ತುಪ್ಪ ಒಲ್ಲದ ಮೈ

ಕುಸುಬೆ ಎಣ್ಣೆ, ಅದೂ ಹಳೆಯದು, ಮುಂದಿನ ಸೀಟಿನ ಹೆಂಗಸಿನ ಜಡೆಯಿಂದ ಎದ್ದು ನೇರ ನನ್ನ ಗಂಟಲಿಗೇ ಇಳಿಯುತ್ತಿದೆ — ಕಿಟಕಿ ಕಡೆ ತಿರುಗು ಕಸ್ತೂರಿ, ಬಾಯಿಂದ ಉಸಿರಾಡು, ಹರಿಹರದಿಂದ ದಾವಣಗೆರೆ ಎಷ್ಟು ಮಹಾ ದೂರ, ಬಸ್ಸಿನಲ್ಲಿ ಮುಕ್ಕಾಲು ಗಂಟೆ, ನಾಲ್ಕು ವಾರ ತಡೆದವಳು ಮುಕ್ಕಾಲು ಗಂಟೆ ತಡೆಯಲಾರೆನೇ. ಪಕ್ಕದಲ್ಲಿ ಕೂತಿದ್ದ ಗಂಡಸು ನನ್ನ ಕಣ್ಣು ನೋಡಿ ಆಚೆ ಸರಿದ, ಸರಿಯಲಿ, ಕೈಕಾಲು ಆಡಿಸಲು ಜಾಗವಾಯಿತು, ಹಳದಿ ಕಣ್ಣಾದರೆ ಹಳದಿ ಕಣ್ಣೇ, ಸೆರಗು ಎಳೆದು ಮುಚ್ಚಿಕೊಳ್ಳಲು ನಾನೇನು ಕದ್ದಿದ್ದೇನೆಯೇ. ಹೊರಡುವಾಗ ಅವ್ವ ಬಾಗಿಲಿಗೆ ಅಡ್ಡ ನಿಂತಿದ್ದಳು, ಈ ಮೈ ಹೊತ್ಕಂಡು ಗಂಡನ ಅಂಗಡಿಗೆ ಹೋಗ್ತಿಯೇನೇ, ತವರಿಗೆ ಕಳಿಸಿದ್ದು ಮಲಗ್ಲಿ ಅಂತ. ಮಲಗಿದ್ದು ಸಾಕವ್ವಾ ಎಂದೆ. ಈ ಅವ್ವನೇ ಮೊದಲ ವಾರ ಕಾಮಾಲೆಗೆ ಬರೆ ಹಾಕುವ ಕರಿಯವ್ವನನ್ನು ಕರೆಸಿದ್ದು, ಕಬ್ಬಿಣದ ಕಡ್ಡಿ ಕೆಂಡದಲ್ಲಿ ಕೆಂಪಗಾಗಿತ್ತು, ಕೈಗೆ ಒಂದು ಬರೆ ಎಳದ್ರ ಕಾಮಾಲೆ ಇಳಿತೈತೆ ತಾಯಿ, ಕೈ ಕೊಡು — ಕೊಡಲಿಲ್ಲ, ಕಡ್ಡಿ ತಣ್ಣಗಾಗುವವರೆಗೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತೆ, ಈ ಕೈ ತುಪ್ಪ ಮುಟ್ಟುವ ಕೈ, ಇದಕ್ಕೆ ಬರೆ ಬೀಳುವುದಿಲ್ಲ.

ಮಂಡಿಪೇಟೆಯಲ್ಲಿ ಇಪ್ಪತ್ತು ವರ್ಷದಿಂದ ನಮ್ಮದು ತುಪ್ಪದ ಅಂಗಡಿ, ಗಾದಿಯ ಮೇಲೆ ಕೂರುವವರು ನನ್ನ ಯಜಮಾನರು ಕಲ್ಲೇಶಪ್ಪ, ಒಳಕೋಣೆಯಲ್ಲಿ ಮೂಸಿ ನೋಡುವವಳು ನಾನು — ಎಮ್ಮೆಯದೋ ಹಸುವಿನದೋ, ಹಸಿರು ಮೇವೋ ಹಿಂಡಿಯೋ, ಕಾಯಿಸುವಾಗ ಸೀದಿತ್ತೋ, ಹಳ್ಳಿಯ ಹೆಸರನ್ನೂ ಹೇಳುತ್ತಿದ್ದೆ, ನಮ್ಮ ಮನೆಯವರ ಮೂಗು ದಾಟಿ ಬಂದ ತುಪ್ಪ ಕಣ್ರಿ ಇದು, ಎಂದು ಇವರು ಗಿರಾಕಿಗಳ ಮುಂದೆ ಹೇಳುವಾಗ ಒಳಗೆ ಕೂತ ನನಗೆ ಮೈ ಜುಮ್ಮೆನ್ನುತ್ತಿತ್ತು, ಯಾಕೆ ಸುಳ್ಳು ಹೇಳಲಿ. ಆ ಮೂಗೇ ಮೊದಲು ತಿರುಗಿ ಬಿದ್ದದ್ದು. ಕಾರ್ತಿಕ ಕಳೆದ ಮೇಲೆ ಒಂದು ಬೆಳಗ್ಗೆ ಒಲೆಯ ಮೇಲೆ ಬೆಣ್ಣೆ ಕಾಯುತ್ತಿದೆ, ಗಸಿ ಕೆಂಪಾಗುತ್ತಿದೆ, ಆ ಹೊತ್ತಿಗೆ ಬರುವ ಘಮ ನನಗೆ ಹೆತ್ತ ಮಗುವಿನ ನೆತ್ತಿಯ ಹಾಗೆ ಗೊತ್ತು — ಆವತ್ತು ಸತ್ತ ಇಲಿಯ ಹಾಗೆ ಬಂತು. ಹಿತ್ತಲಿಗೆ ಓಡಿದೆ. ಎರಡು ದಿನಕ್ಕೆ ಮೂತ್ರ ಕಡು ಚಹಾದ ಬಣ್ಣ, ನಾಲ್ಕು ದಿನಕ್ಕೆ ಕಣ್ಣು ಅರಿಶಿನ, ಹೊರಕಡೆಗೆ ಹೋದರೆ ಸುಣ್ಣದ ಹಾಗೆ ಬೆಳ್ಳಗೆ, ಮೇಲೆ ಎಣ್ಣೆಯ ಮಿಂಚು, ನಾಚಿಕೆ ಬಿಟ್ಟು ಡಾಕ್ಟರಿಗೆ ಅದನ್ನೂ ಹೇಳಿದೆ. ಡಾಕ್ಟರ್ ಹಿದಾಯತ್, ಹುಡುಗು ಮುಖ, ಮದರಾಸಿನಲ್ಲಿ ಓದಿ ಬಂದವನು, ನಾಚಿಕೆ ಪಡದೆ ಕೇಳಿಸಿಕೊಂಡ. ಅಮ್ಮಾ, ಇದು ಲಿವರಿಗೆ ಹತ್ತಿದ ಸೋಂಕು, ಕಣ್ಣಿಗೆ ಕಾಣದ್ದು, ಕುಡಿಯೋ ನೀರಿನಾಗ ಬಂದಿರ್ತೈತೆ ಎಂದ. ತುಪ್ಪ ಯಾಕೆ ವಿಷವಾಯಿತಪ್ಪ ಎಂದು ಕೇಳಿದೆ. ವಿಷ ಅಲ್ರಿ, ಎಣ್ಣೆ ಹಚ್ಚಿದ ತಲೆ ಬರೇ ನೀರಿಗೆ ತೊಳೆದ್ರ ಹೋಗ್ತೈತೇನು, ಸೀಗೆಪುಡಿ ಬೇಕಲ್ಲ, ಪಿತ್ತ ಅನ್ನೋದು ಹೊಟ್ಟೆಯೊಳಗಿನ ಸೀಗೆಪುಡಿ, ಲಿವರ್ ಊದಿಕೊಂಡೈತೆ, ಪಿತ್ತ ಕರುಳಿಗೆ ಇಳೀದೆ ರಕ್ತಕ್ಕೆ ಸೇರೈತೆ, ಅದಕ್ಕೇ ಕಣ್ಣು ಹಳದಿ, ತಿಂದ ಜಿಡ್ಡು ಜಿಡ್ಡಾಗೇ ಹೊರಗೆ — ಆಮೇಲೆ ನಕ್ಕು, ನಿಮಗ ಮಂಡಿ ಭಾಷೆಯಾಗ ಹೇಳ್ತೀನಿ, ಕೊಬ್ಬನ್ನ ಕಟ್ಟಿ ಮೈಗೆಲ್ಲಾ ಕಳಿಸೋ ಮಂಡಿನೂ ಲಿವರ್ರೇ, ಈಗ ಅಲ್ಲಿ ಹಮಾಲರೆಲ್ಲ ಜ್ವರ ಬಂದು ಮಲಗ್ಯಾರೆ, ಬಂದ ಮಾಲು ಬಂದಲ್ಲೇ ಬಿದ್ದೈತೆ, ಅವರು ಎದ್ದ ದಿನ ಹೊಟ್ಟೆನೇ ತುಪ್ಪ ಕೇಳ್ತೈತೆ, ಅಲ್ಲಿತನಕ ಗಂಜಿ, ಮಂಡಕ್ಕಿ, ಕಬ್ಬಿನ ಹಾಲು. ಅವನು ಹೇಳಿದ್ದು ಇಷ್ಟು. ನನ್ನ ಜೊತೆ ಬಂದಿದ್ದ ಮೈದುನ ತೋಟಪ್ಪ ಮನೆಗೆ ಹೋಗಿ ಅಣ್ಣನಿಗೆ ಹೇಳಿದ್ದು ಬೇರೆ, ಅತ್ತಿಗೇರ ಮೂಗು ಹೋತಣ್ಣ, ಇನ್ನು ಮಾಲು ನಾನೇ ನೋಡ್ತೀನಿ. ಇವರು ಹ್ಞೂಂ ಅಂದರು. ಆ ಹ್ಞೂಂ ಇದೆಯಲ್ಲ, ಕಾಮಾಲೆಗಿಂತ ಅದೇ ನನ್ನನ್ನು ಹೆಚ್ಚು ಹಾಸಿಗೆ ಹಿಡಿಸಿದ್ದು.

ಬಸ್ಸು ನಿಂತಿತು, ಯಾರೋ ಕೋಳಿ ಹಿಡಿದು ಹತ್ತಿದರು, ಕೋಳಿ ಪರವಾಗಿಲ್ಲ, ಕೋಳಿಗೆ ಜಿಡ್ಡಿನ ವಾಸನೆಯಿಲ್ಲ. ನಿನ್ನೆ ಮಧ್ಯಾಹ್ನ ಕಡರನಾಯಕನಹಳ್ಳಿಯಿಂದ ಚೌಡವ್ವ ನಡೆದುಕೊಂಡೇ ಬಂದಳು, ಹದಿನೈದು ವರ್ಷದಿಂದ ನಮಗೇ ತುಪ್ಪ ಹಾಕುವವಳು, ನನ್ನ ಕಣ್ಣು ನೋಡಿ ಮೊದಲು ಅತ್ತಳು, ಆಮೇಲೆ ತನ್ನದನ್ನು ಹೇಳಿ ಅತ್ತಳು. ಅಮ್ಮಾರೇ, ತುಪ್ಪದಾಗ ವನಸ್ಪತಿ ಬೆರಸೀನಿ ಅಂತಾರ್ರಿ ಸಣ್ಣ ಸಾವ್ಕಾರ್ರು, ಗಿರಾಕಿ ತಿರುಗಿ ತಂದು ಕೊಟ್ಟಾರಂತೆ, ಅದು ಚೌಡವ್ವಂದು ಅಂತ ನನ್ನ ಹೆಸರು ಹೇಳಿಬಿಟ್ರು, ನಾಳೆ ಹತ್ತಕ್ಕೆ ಬಕ್ಕೇಶಪ್ಪನೋರ ಮುಂದೆ ನಿಲ್ಲಿಸ್ತಾರಂತೆ, ಪ್ಯಾಟ್ಯಾಗ ಯಾರೂ ನನ್ನ ಗಡಿಗೆ ಇಳಿಸಬಾರದು ಅಂತ ಹೇಳಿಸ್ತಾರಂತೆ, ಆ ವನಸ್ಪತಿ ಡಬ್ಬಿ ಹೆಂಗಿರ್ತೈತೆ ಅಂತ ನಾ ಕಣ್ಣಿಲೆ ಕಂಡಿಲ್ಲ. ಬಕ್ಕೇಶಪ್ಪನವರು ಪೇಟೆಯ ಹಿರಿಯರು, ಅವರು ಬೇಡವೆಂದರೆ ಚೌಡವ್ವನ ಎರಡು ಎಮ್ಮೆಯ ತುಪ್ಪ ಅವಳ ಅಟ್ಟದಲ್ಲೇ ಮುಗ್ಗಬೇಕು. ನೀ ಹೋಗು, ನಾ ಬರ್ತೀನಿ ಎಂದುಬಿಟ್ಟೆ, ಅಂದದ್ದೇನೋ ಸರಿ, ಬಂದು ಏನು ಮಾಡುತ್ತೀಯ ಕಸ್ತೂರಿ, ಒಳ್ಳೆಯದೂ ನಾರುತ್ತದೆ, ಕೆಟ್ಟದ್ದೂ ನಾರುತ್ತದೆ, ಈ ಮೂಗಿಗೆ ಈಗ ಎರಡೂ ಒಂದೇ, ಇದನ್ನು ಒಪ್ಪಿಕೊಳ್ಳದೆ ಹೋದರೆ ನಾನೂ ತೋಟಪ್ಪನ ಹಾಗೇ ಸುಳ್ಳಿ. ರಾತ್ರಿಯೆಲ್ಲ ಹೊರಳಿದೆ, ಬೆಳಗಿನ ಜಾವ ನನ್ನ ಕೈಯನ್ನೇ ನೋಡುತ್ತ ಕೂತಾಗ ಹೊಳೆಯಿತು — ಇಪ್ಪತ್ತು ವರ್ಷ ಪ್ರತಿ ಸಲ ಮೂಸುವ ಮೊದಲು ಏನು ಮಾಡುತ್ತಿದ್ದೆ, ಕೈಯ ಹಿಂಬದಿಗೆ ಗಟ್ಟಿ ತುಪ್ಪದ ಒಂದು ಹರಳು ಇಟ್ಟುಕೊಳ್ಳುತ್ತಿದ್ದೆ, ಎಂಥ ಚಳಿಯಲ್ಲೂ ಮೂಗಿನ ಹತ್ತಿರ ತರುವಷ್ಟರಲ್ಲಿ ಅದು ಕರಗಿ ಹರಿಯುತ್ತಿತ್ತು, ಒಮ್ಮೆ ಮಾತ್ರ ಒಬ್ಬ ದಲ್ಲಾಳಿ ತಂದದ್ದು ಕರಗದೆ ಮೇಣದ ಹಾಗೆ ಕೂತಿತ್ತು, ಅದರಲ್ಲಿ ಅರ್ಧ ವನಸ್ಪತಿ. ಅರ್ಧ ಕೆಲಸ ಕೈ ಮಾಡುತ್ತಿತ್ತು, ಹೆಸರು ಮಾತ್ರ ಮೂಗಿಗೆ. ಅಗೋ ಗಿರಣಿಯ ಚಿಮಣಿ, ದಾವಣಗೆರೆ ಬಂತು, ಇಳಿ.

ಹತ್ತು ಹೊಡೆದಿದೆ, ಅಂಗಡಿಯ ಮೆಟ್ಟಿಲ ಕೆಳಗೆ ಚೌಡವ್ವ, ಮೇಲೆ ಬೆಂಚಿನಲ್ಲಿ ಬಕ್ಕೇಶಪ್ಪನವರು, ಗಾದಿಯ ಮೇಲೆ ಇವರು, ನನ್ನನ್ನು ನೋಡಿ ಅರ್ಧ ಎದ್ದು ಮತ್ತೆ ಕೂತರು, ಬಿಳಿ ಅಂಗಿಯ ತೋಟಪ್ಪ ಮಾತ್ರ ನಕ್ಕ, ಅತ್ತಿಗೇರೆ, ಈ ಚಳಿಯಾಗ ಯಾಕ ಬಂದ್ರಿ, ಬರ್ರಿ ಕೂಡ್ರಿ. ಕೂಡಲಿಲ್ಲ. ಗಿರಾಕಿ ತಿರುಗಿ ಕೊಟ್ಟಿದ್ದು ಚೌಡವ್ವಂದು ಅಂತೀಯಲ್ಲ, ಆ ಡಬ್ಬಿ ತೆಗಿ ಎಂದೆ. ಮುಚ್ಚಳ ಎದ್ದದ್ದೇ ಹೊಟ್ಟೆ ಬಾಯಿಗೆ ಬಂತು, ಹೌದು, ಪೇಟೆಯ ನಡುವೆ ಚರಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಕ್ಕಿದೆ, ಬೆನ್ನ ಹಿಂದೆ ತೋಟಪ್ಪ, ನೋಡಿದ್ರಾ ಬಕ್ಕೇಶಪ್ಪನೋರೇ, ತುಪ್ಪ ಕಂಡ್ರ ವಾಂತಿ ಮಾಡೋರು ಪರೀಕ್ಷೆ ಮಾಡ್ತಾರಂತೆ. ಬಾಯಿ ಮುಕ್ಕಳಿಸಿದೆ, ಕೈ ತೊಳೆದೆ, ಸೆರಗು ಸಿಕ್ಕಿಸಿ ಮತ್ತೆ ಮೆಟ್ಟಿಲು ಹತ್ತಿದೆ, ಇನ್ನೊಮ್ಮೆ ಬಂದರೆ ಇನ್ನೊಮ್ಮೆ ಕಕ್ಕಿ ಇನ್ನೊಮ್ಮೆ ಹತ್ತುತ್ತೇನೆ. ನನ್ನ ಮೂಗು ಮಲಗೈತಪ್ಪ, ಖರೆ, ಅದನ್ನ ಕೇಳಾಕ ಬಂದಿಲ್ಲ, ನಿನ್ನ ಎರಡೂ ಕೈ ಮುಂದಕ್ಕೆ ಚಾಚು. ಅವನು ಅಣ್ಣನ ಮುಖ ನೋಡಿದ. ಬಕ್ಕೇಶಪ್ಪನವರು, ಚಾಚಪ್ಪ, ಕೈ ಚಾಚಾಕ ಏನು ಭಯ ಎಂದರು. ಮೂಲೆಯಲ್ಲಿ ಚೌಡವ್ವ ಮೊನ್ನೆ ತಂದು ಹಾಕಿದ ಗಡಿಗೆ, ಬಾಯಿಗೆ ಕಟ್ಟಿದ ಬಟ್ಟೆ ಇನ್ನೂ ಬಿಚ್ಚಿಲ್ಲ, ಬಿಚ್ಚಿ ಒಂದು ಹರಳು ಅವನ ಎಡಗೈಯ ಹಿಂಬದಿಗೆ, ಡಬ್ಬಿಯದು ಒಂದು ಹರಳು ಬಲಗೈಗೆ — ಎಡಗೈಯದು ಹತ್ತು ಉಸಿರಿಗೆ ಹೊಳೆದು ಬೆರಳ ಸಂದಿಗೆ ಹರಿಯಿತು, ಬಲಗೈಯದು ಬೆಳ್ಳಗೆ ಕೂತೇ ಇದೆ, ಬಕ್ಕೇಶಪ್ಪನವರು ಬಗ್ಗಿ ಬೆರಳಲ್ಲಿ ಒತ್ತಿದರು, ಮೇಣದ ಹಾಗೆ ಮೆತ್ತಿಕೊಂಡಿತು. ಗಡಿಗ್ಯಾಗ ಒಳ್ಳೇದು ಇಟ್ಟು ಹೋದ ಸಲ ಬೆರಸಿರಬೋದಲ್ಲ ಅವಳು, ಎಂದ ತೋಟಪ್ಪ, ಬೆವರುತ್ತಿದ್ದಾನೆ, ಪುಷ್ಯದ ಚಳಿಯಲ್ಲಿ. ಹಂಗಾದ್ರ ಬ್ಯಾರೆ ಊರಿಂದು ತೆಗಿ, ನೀ ತುಂಬಿಟ್ಟ ನಂದಿಗುಡಿಯೋರ ತುಪ್ಪದ ಡಬ್ಬಿ, ಅವರೂ ಚೌಡವ್ವನ್ನ ಕೇಳಿ ಬೆರಸಿದ್ರೇನು ನೋಡಾಣ ಎಂದೆ. ಅವನು ಅಲುಗಲಿಲ್ಲ. ಎದ್ದವರು ಇವರು. ಗಾದಿಯಿಂದ ಇಳಿದು, ನನ್ನ ಕಡೆ ನೋಡದೆ, ತಾವೇ ನಂದಿಗುಡಿಯ ಡಬ್ಬಿಯ ಮುಚ್ಚಳ ಮೀಟಿ, ಒಂದು ಹರಳು ತೆಗೆದು, ತಮ್ಮ ಕೈಯ ಮೇಲೆ ತಾವೇ ಇಟ್ಟುಕೊಂಡು ನಿಂತರು. ಹತ್ತು ಉಸಿರು, ಇಪ್ಪತ್ತು ಉಸಿರು. ಕಾಯ್ದರು. ತೋಟಾ, ಯಾವಾಗಿಂದ ಎಂದರು. ಎಲ್ಲಾರೂ ಮಾಡ್ತಾರಣ್ಣ ಎಂದ ಅವನು, ನೆಲ ನೋಡುತ್ತ. ನೀ ಇವತ್ತಿಂದ ಈ ಮೆಟ್ಲು ಹತ್ತಬ್ಯಾಡ ಎಂದರು, ದನಿ ಏರಿಸಲಿಲ್ಲ, ಆಮೇಲೆ ಕೆಳಗೆ ತಿರುಗಿ, ಚೌಡವ್ವಾ, ಮ್ಯಾಲೆ ಬಾರವ್ವ, ತಪ್ಪಾತು. ಅವಳು ಬಂದಳು, ನನ್ನ ಪಕ್ಕ ನಿಂತಳು, ಅವಳ ಸೀರೆಯ ತುಂಬ ಬೆಣ್ಣೆಯ ವಾಸನೆ, ಸರಿಯುವುದಿಲ್ಲ ನಾನು, ಇಲ್ಲೇ ನಿಲ್ಲುತ್ತೇನೆ, ಈ ಲಿವರು ಏಳಲು ಎಷ್ಟು ವಾರವಾದರೂ ಹಿಡಿಯಲಿ, ನಾಳೆಯಿಂದ ಗಂಜಿ ಕುಡಿದುಕೊಂಡೇ ಒಳಕೋಣೆಯಲ್ಲಿ ಕೂರುತ್ತೇನೆ — ಇವರು ಈಗ ನನ್ನ ಕಡೆ ನೋಡುತ್ತಿದ್ದಾರೆ, ಏನೋ ಹೇಳಲು ಬಾಯಿ ತೆರೆದಿದ್ದಾರೆ, ಹೇಳಲಿ, ಕೇಳುತ್ತೇನೆ, ಆದರೆ ನನ್ನ ಕಣ್ಣು ಅವರ ಬಾಯಿಯ ಮೇಲಿಲ್ಲ, ಆ ಕೈ, ಹ್ಞೂಂ ಎಂದವರ ಕೈ, ಇನ್ನೂ ಕೆಳಗಿಳಿಸಿಲ್ಲ, ಅದರ ಮೇಲೆ ಬಿಳಿ ಹರಳು, ಕರಗದೆ, ಅವರ ಕೈಯ ಮೇಲೆ ಬಿಳಿ ಹರಳು