ಮೂಗಿನ ತುದಿಯ ನಿಂಬೆಹಣ್ಣು

ನಮ್ಮ ಯಜಮಾನರು ರಘುನಾಥ್ ಸ್ವಂತ ಜೆಟ್ ವಿಮಾನ ಕೊಂಡಾಗ ಹೊಳಲ್ಕೆರೆಯಲ್ಲಿ ಹೊಟ್ಟೆಕಿಚ್ಚು ಪಡದೆ ಉಳಿದವನು ನಾನೊಬ್ಬನೇ ಇರಬೇಕು. ಇಪ್ಪತ್ತೆರಡು ವರ್ಷ ಅವರ ಆಫೀಸಿನ ಮ್ಯಾನೇಜರ್ ಆಗಿದ್ದವನು ನಾನು, ಲಕ್ಷ್ಮೀಕಾಂತ್. ವಿಮಾನದ ಬಿಲ್ಲುಗಳೆಲ್ಲ ಮೊದಲು ನನ್ನ ಮೇಜಿಗೇ ಬರುತ್ತಿದ್ದವು. ಹೊಟ್ಟೆಕಿಚ್ಚಿಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ.

ರಘುನಾಥ್ ಒಂದು ಹಳೇ ಲಾರಿಯಿಂದ ಶುರು ಮಾಡಿದವರು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಏಳತೊಡಗಿದಾಗ ಅವುಗಳ ರೆಕ್ಕೆ ಸಾಗಿಸಲು ಉದ್ದನೆಯ ಟ್ರೇಲರ್ ತಂದರು. ಒಂದಿದ್ದದ್ದು ನಲವತ್ತಾಯಿತು. ಆಮೇಲೆ ಬೆಂಗಳೂರಿನಲ್ಲಿ ಯಾರೋ ಕಂಟ್ರಾಕ್ಟರು, ‘ನೀವಿನ್ನೂ ಕಾರಲ್ಲೇ ಓಡಾಡ್ತೀರಾ’ ಎಂದು ನಕ್ಕನಂತೆ. ಅಷ್ಟೇ ಸಾಕಾಯಿತು. ಆರು ಸೀಟಿನ, ಬೇರೆಯವರು ಬಳಸಿ ಬಿಟ್ಟ ಜೆಟ್ ಬಂತು. ಹಳೆಯದಾದರೂ ಭಾರಿ ವೇಗದ್ದು, ಒಬ್ಬನೇ ಪೈಲಟ್ ಹಾರಿಸಬಹುದಾದದ್ದು.

ಅದನ್ನು ನಿಲ್ಲಿಸಲು ಶೆಡ್ಡು ಬೇಕು, ಕಾಯಲು ಜನ ಬೇಕು, ವಿಮೆ ಬೇಕು. ಹಾರಲಿ ಬಿಡಲಿ, ತಪಾಸಣೆಯ ದಿನ ಬಂತೆಂದರೆ ಮಾಡಿಸಲೇಬೇಕು. ಒಂದು ಬಲ್ಬು ಹೋದರೂ ಬೆಂಗಳೂರಿನಿಂದ ಎಂಜಿನಿಯರ್ ಬರಬೇಕು, ಅವನ ಊಟ ವಸತಿ ನಾವು ನೋಡಬೇಕು. ಇಷ್ಟೆಲ್ಲ ಮಾಡಿ ಉಳಿಯುತ್ತಿದ್ದದ್ದಾದರೂ ಏನು? ಹೊಳಲ್ಕೆರೆಯಿಂದ ಒಂದೂವರೆ ಗಂಟೆ ಕಾರಿನಲ್ಲಿ ಕೂತು ಹಿರಿಯೂರು ದಾಟಿ ಜವನಗೊಂಡನಹಳ್ಳಿ ಹತ್ತಿರದ ನಮ್ಮ ರನ್‌ವೇಗೆ ಹೋಗಬೇಕು. ಅಲ್ಲಿ ಪರೀಕ್ಷೆ, ಪರ್ಮಿಶನ್ನು ಎಂದು ಮುಕ್ಕಾಲು ಗಂಟೆ. ಹಾರುವುದು ಇಪ್ಪತ್ತು ನಿಮಿಷ. ಇಳಿದ ಮೇಲೆ ದೇವನಹಳ್ಳಿಯಿಂದ ಬೆಂಗಳೂರಿನೊಳಗೆ ಮತ್ತೆ ಟ್ರಾಫಿಕ್ಕು. ಯಜಮಾನರು ವಿಮಾನ ಹತ್ತುವ ಹೊತ್ತಿಗೆ ಅದೇ ಕಾರು ನೆಟ್ಟಗೆ ಹೋಗಿದ್ದರೆ ತುಮಕೂರು ಮುಟ್ಟಿರುತ್ತಿತ್ತು. ಇದನ್ನು ನಾನು ಒಮ್ಮೆ ಬಾಯಿಬಿಟ್ಟು ಹೇಳಿದೆ.

“ಲಕ್ಷ್ಮೀಕಾಂತ್, ನಿಮ್ಗೆ ಹೊಟ್ಟೇಲಿ ಏನೋ ತೊಂದ್ರೆ ಐತೆ. ಡಾಕ್ಟರಿಗೆ ತೋರಿಸ್ಕಳ್ರಿ,” ಎಂದರು.

ಆದರೆ ಬಿಲ್ಲುಗಳು ಅವರನ್ನೂ ಕಚ್ಚತೊಡಗಿದವು. ಮೊದಲು ಎರಡನೇ ಪೈಲಟ್‌ನನ್ನು ತೆಗೆದರು. ರನ್‌ವೇಯನ್ನು ಇನ್ನೂ ನಾನೂರು ಮೀಟರ್ ಉದ್ದ ಮಾಡಬೇಕಿತ್ತು, ಅದನ್ನು ಮುಂದಿನ ವರ್ಷಕ್ಕೆ ತಳ್ಳಿದರು. ಆಮೇಲೆ ಶೆಡ್ಡಿನ ದಾಸಣ್ಣನ ಸರದಿ. ಯಾವುದೋ ಮುಚ್ಚಳ ತೆಗೆಯಲು ಮರೆತು ಅದು ಒಳಗಿನ ಬಿಸಿಗೆ ಕರಗಿ ಅಂಟಿಕೊಂಡಾಗ, ಬಿಲ್ಲು ನೋಡಿದ ಯಜಮಾನರು ಅವನನ್ನು ಅದೇ ದಿನ ಮನೆಗೆ ಕಳಿಸಿದರು. “ಇನ್ಮೇಲೆ ಯಾರ ಕೈಯಿಂದ ಖರ್ಚು ಬರ್ತೈತೋ, ಅವರೂ ಅವರ ಕಡೆಯವರೂ ಗೇಟಿನಾಚೆಗೆ,” ಎಂದರು. ಅವರ ಕಡೆಯವರು ಎನ್ನುವಾಗ ನನ್ನನ್ನೇ ನೋಡಿದರು.

ಏಕೆಂದರೆ ಉಳಿದಿದ್ದ ಒಬ್ಬನೇ ಪೈಲಟ್ ಪ್ರದೀಪ್ ನನ್ನ ತಂಗಿ ಅನುಸೂಯಳ ಮಗ. ಗಂಡನಿಲ್ಲದ ಅವಳು ಹೊಸದುರ್ಗದ ಸೈಟು ಮಾರಿ ಅವನನ್ನು ಪೈಲಟ್ ಓದಿಸಿದಳು. ಓದು ಮುಗಿಸಿ ಮೂರು ವರ್ಷ ಕೆಲಸ ಸಿಗದೆ ಮನೆಯಲ್ಲಿ ಕೂತಿದ್ದ ಹುಡುಗನನ್ನು ಯಜಮಾನರ ಮುಂದೆ ತಂದು ನಿಲ್ಲಿಸಿದವನು ನಾನೇ. ಅವತ್ತು ಅನುಸೂಯ ನನ್ನ ಕಾಲಿಗೆ ಬೀಳಲು ಬಂದಿದ್ದಳು.

ಕೆಲಸಕ್ಕೆ ಸೇರಿದ ವಾರದಲ್ಲೇ ಪ್ರದೀಪ್ ನನಗೆ ವಿಮಾನ ತೋರಿಸಿದ್ದ. ಮೂಗಿನ ಎರಡೂ ಬದಿಯಲ್ಲಿ ಮುಂದಕ್ಕೆ ಚಾಚಿದ, ಬೆರಳುದ್ದದ ಎರಡು ಕೊಳವೆಗಳಿದ್ದವು. ತುದಿಯಲ್ಲಿ ಸಣ್ಣ ತೂತು. ನಿಂತಾಗ ಅವಕ್ಕೆ ಕೆಂಪು ಪಟ್ಟಿ ನೇತಾಡುವ ಟೋಪಿ ಹಾಕಿರುತ್ತಿದ್ದರು.

“ಈ ತೂತಿಗೆ ಗಾಳಿ ನುಗ್ಗಿದ್ರೇನೇ ಎಷ್ಟು ಸ್ಪೀಡಲ್ಲಿ ಹೋಗ್ತಿದೀವಿ ಅಂತ ಮೀಟರಿಗೆ ಗೊತ್ತಾಗೋದು ಮಾವ. ಇದು ಕಟ್ಕೊಂಡ್ರೆ ನಾನು ಕಣ್ಣಿದ್ದೂ ಕುರುಡ.”

ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿ ಅವತ್ತೇ ಮುಚ್ಚಿತು.

ಹೋದ ವರ್ಷದ ಆಯುಧಪೂಜೆಗೆ ಪ್ರದೀಪ್ ತಾಯಿಯ ಜೊತೆಗಿರಲು ಹೊಸದುರ್ಗಕ್ಕೆ ಹೋದ. ಹೋಗುವಾಗ ಶೆಡ್ಡಿನ ಬೀಗದ ಕೈ ನನಗೆ ಕೊಟ್ಟು, “ಪೂಜೆ ಚಕ್ರಕ್ಕಷ್ಟೇ ಮಾಡ್ಸು ಮಾವ. ಮೂಗಿನ ಹತ್ರ ಯಾರನ್ನೂ ಬಿಡಬ್ಯಾಡ,” ಎಂದ. ನಾನು ಆಯಿತೆಂದೆ.

ಪೂಜೆ ಮಾಡಲು ಬಂದವರು ಯಜಮಾನರ ತಾಯಿ ಏಕನಾಥಮ್ಮ. ಎಂಬತ್ತು ಹತ್ತಿರವಾಗಿದ್ದರೂ ನೆಟ್ಟಗೆ ನಡೆಯುವ ಹೆಂಗಸು. ಮೊದಲನೇ ಲಾರಿಯಿಂದ ನಲವತ್ತನೇ ಟ್ರೇಲರಿನವರೆಗೆ ಪ್ರತಿಯೊಂದಕ್ಕೂ ವಿಭೂತಿ ಬಳಿದು, ಚಕ್ರದಡಿ ನಿಂಬೆಹಣ್ಣಿಟ್ಟು, ಮುಂಭಾಗದಲ್ಲಿ ಚೂಪಾಗಿ ಏನಿದೆಯೋ ಅದಕ್ಕೊಂದು ನಿಂಬೆಹಣ್ಣು ಚುಚ್ಚಿದವರು ಅವರೇ. ದೇವರ ತ್ರಿಶೂಲಕ್ಕೆ ಚುಚ್ಚುತ್ತೇವಲ್ಲ, ಹಾಗೆ. ಆ ಮನೆಯ ಗಾಡಿ ಒಂದೂ ಇದುವರೆಗೆ ಮಗುಚಿರಲಿಲ್ಲ. ಆ ನಂಬಿಕೆಯನ್ನು ಆಡಿಕೊಳ್ಳಲು ನನಗೆ ಮನಸ್ಸಿರಲಿಲ್ಲ, ಈಗಲೂ ಇಲ್ಲ.

ಚಕ್ರಗಳಾದವು. ಅಮ್ಮ ಎದ್ದು ಮೂಗಿನ ಮುಂದೆ ಬಂದು ನಿಂತರು.

“ಏನಪ್ಪ ಲಕ್ಷ್ಮೀಕಾಂತ, ಇದೇನು ಮಾಸಲು ಬಟ್ಟೆ ನೇತಾಕೀರಿ. ಹಬ್ಬದ ದಿನ, ತೆಗಿ ಅತ್ಲಾಗೆ.”

“ಅಮ್ಮ, ಅಲ್ಲಿ ಬ್ಯಾಡ ಅಂತ ಪ್ರದೀಪ...”

“ಬರೀ ಚಕ್ರಕ್ಕೆ ಪೂಜೆ ಮಾಡಿ ಮುಖಕ್ಕೆ ಮಾಡ್ದೆ ಬಿಡ್ತಾರೇನಪ್ಪ?”

ಹಿಂದೆ ಯಜಮಾನರು ಕೈಕಟ್ಟಿ ನಿಂತಿದ್ದರು. ನಾನು ಕೆಂಪು ಟೋಪಿಗಳನ್ನು ತೆಗೆದೆ. ನನ್ನ ಕೈಯಿಂದಲೇ ತೆಗೆದೆ. ಅಮ್ಮ ತುದಿ ಕೊಯ್ದ ನಿಂಬೆಹಣ್ಣಿಗೆ ಕುಂಕುಮ ಹಚ್ಚಿ, ಎಡಗೊಳವೆಗೊಂದು ಬಲಗೊಳವೆಗೊಂದು ತಿರುವಿ ತಿರುವಿ ಒತ್ತಿದರು. ರಸ ಅವರ ಮೊಣಕೈವರೆಗೆ ಇಳಿಯಿತು. ಎಲ್ಲರೂ ಕೈಮುಗಿದರು, ನಾನೂ ಮುಗಿದೆ.

ಅವರೆಲ್ಲ ಹೊರಟ ಮೇಲೆ ನಿಂಬೆಹಣ್ಣುಗಳನ್ನು ಕಿತ್ತು ಕರ್ಚೀಫಿನಿಂದ ಒರೆಸಿದೆ. ಆಮೇಲೆ ಒಂದೊಂದೇ ಕೊಳವೆಗೆ ಬಾಯಿಟ್ಟು ಊದಿದೆ. ಬಲಗಡೆಯದರಲ್ಲಿ ಉಸಿರು ಸ್ವಲ್ಪ ಒಳಗೆ ಹೋದಂತೆನಿಸಿತು. ಎಡಗಡೆಯದರಲ್ಲಿ ಹೋಗಲಿಲ್ಲ. ಇನ್ನೂ ಜೋರಾಗಿ ಊದಿದೆ. ಹುಳಿ, ಕುಂಕುಮ, ಕಬ್ಬಿಣದ ರುಚಿ ಬಾಯಿಗೆ ಬಂತು. ಟೋಪಿಗಳನ್ನು ಮತ್ತೆ ಹಾಕಿದೆ. ಹೊರಗಿನಿಂದ ನೋಡಿದರೆ ಏನೂ ಆಗಿರಲಿಲ್ಲ.

ಸಂಜೆ ಮೂರು ಸಲ ಫೋನ್ ಕೈಗೆತ್ತಿಕೊಂಡೆ. ಹೇಳಿದರೆ ಪ್ರದೀಪ್ ವಿಮಾನ ಎತ್ತುವುದಿಲ್ಲ. ಎಂಜಿನಿಯರ್ ಬರುತ್ತಾನೆ, ಬಿಲ್ಲು ಬರುತ್ತದೆ. ಯಜಮಾನರು ತಾಯಿಯನ್ನೇನು ಗೇಟಿನಾಚೆ ಹಾಕುತ್ತಾರೆಯೆ? ಹಾಕುವುದು ನನ್ನನ್ನು, ನನ್ನ ಕಡೆಯವನನ್ನು. ಮೂರು ವರ್ಷ ಬಾಗಿಲಲ್ಲಿ ಕೂತಿದ್ದ ಆ ಹುಡುಗನ ಮುಖ ಕಣ್ಣಮುಂದೆ ಬಂತು. ಅವನಿಗೆ ಒಳ್ಳೆಯದು ಮಾಡುತ್ತಿದ್ದೇನೆಂದು ನನಗೆ ನಾನೇ ಹೇಳಿಕೊಂಡು ಫೋನ್ ಕೆಳಗಿಟ್ಟೆ. ಹೇಡಿಗೆ ಇಂಥ ಸಮಾಧಾನಗಳು ಬೇಗ ಸಿಗುತ್ತವೆ.

ಮರುದಿನ ವಿಜಯದಶಮಿ. ಯಜಮಾನರಿಗೆ ಬೆಂಗಳೂರಿನಲ್ಲಿ ದೊಡ್ಡ ಮಾತುಕತೆಯಿತ್ತು. ಬೆಳಿಗ್ಗೆ ಏಳಕ್ಕೆಲ್ಲ ಪ್ರದೀಪ್ ಬಂದು, ತನ್ನ ಅಮ್ಮ ಕೊಟ್ಟಳೆಂದು ಹೋಳಿಗೆಯ ಡಬ್ಬಿ ನನ್ನ ಕೈಗಿಟ್ಟು, ವಿಮಾನದ ಸುತ್ತ ಪರೀಕ್ಷೆ ಶುರು ಮಾಡಿದ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಡಬ್ಬಿ ಹಿಡಿದೇ ರನ್‌ವೇ ಕೊನೆಗೆ ನಡೆದೆ. ಅಲ್ಲಿ ಪಾಲಯ್ಯ ಕುರಿ ಮೇಯಿಸುತ್ತಿದ್ದ. ಅಕ್ಕಪಕ್ಕದ ಹುಲ್ಲು ಬೆಳೆಯದಿರಲಿ ಎಂದು ಅವನ ಮಂದೆಯನ್ನು ನಾವೇ ಒಳಗೆ ಬಿಟ್ಟುಕೊಳ್ಳುತ್ತಿದ್ದೆವು. ವಿಮಾನ ಹೊರಡುವ ದಿನ ಮಾತ್ರ ಬೇಲಿಯ ಆಚೆಗಿರಬೇಕೆಂಬುದು ಕರಾರು.

“ಪಾಲಯ್ಯ, ಕುರೀನ ರೋಡಿನ ಮೇಲೆ ಬಿಡು.”

ಅವನು ನನ್ನ ಮುಖ ನೋಡಿದ. “ಇವತ್ತು ಹಾರ್ತೈತಲ್ರಿ ಸಾರ್?”

“ಅದಕ್ಕೇ ಬಿಡು ಅಂದದ್ದು. ಹಾರೋದು ಬ್ಯಾಡ.”

“ಬ್ಯಾಡ ಅಂತ ಅವರಿಗೇ ಹೇಳ್ರಿ. ಕುರಿ ಕೈಲಿ ಯಾಕ್ ಹೇಳಿಸ್ತೀರಿ?”

ನನ್ನ ಮುಖದಲ್ಲಿ ಏನು ಕಂಡನೋ, ಅವನು ನಾಲಿಗೆ ಮಡಚಿ ಒಂದು ಸದ್ದು ಮಾಡಿದ. ಇನ್ನೂರು ಕುರಿ ಬೇಲಿ ನುಗ್ಗಿ ರನ್‌ವೇ ತುಂಬ ಹರಡಿ ನಿಂತವು. ದೇವರೇ, ಇವತ್ತಿನ ದಿನ ಹೀಗೇ ಕಳೆಯಲಿ ಎಂದುಕೊಂಡೆ. ಆದರೆ ಕಾವಲಿನವರು ಇಬ್ಬರು ಕೋಲು ಹಿಡಿದು ಓಡಿಬಂದರು. ಪಾಲಯ್ಯನಿಗೆ ಬಾಯಿಗೆ ಬಂದಂತೆ ಬೈದು ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಆಚೆಗೆ ಅಟ್ಟಿದರು. ಪಾಲಯ್ಯ ನನ್ನ ಹೆಸರೆತ್ತಲಿಲ್ಲ.

ವಾಪಸ್ಸು ಬಂದಾಗ ಪ್ರದೀಪ್ ಮೂಗಿನ ಬಳಿ ನಿಂತಿದ್ದ. ಮೇಲೆ ಹಾರುವಾಗ ಹಿಮ ಕಟ್ಟದಿರಲೆಂದು ಕೊಳವೆಗಳೊಳಗೆ ಬಿಸಿ ಮಾಡುವ ತಂತಿ ಇರುತ್ತದೆ, ಅದನ್ನು ಹಚ್ಚಿ ಪರೀಕ್ಷಿಸುತ್ತಿದ್ದ. ಸುಟ್ಟ ನಿಂಬೆಸಿಪ್ಪೆಯ ವಾಸನೆ ನನಗೆ ಹತ್ತು ಹೆಜ್ಜೆ ಆಚೆಯಿಂದಲೇ ಬಂತು.

“ಮಾವ, ಏನೋ ವಾಸನೆ ಬರ್ತೈತೆ.”

“ನಿನ್ನೆ ಪೂಜೇದು ಕಣೋ. ಊದುಬತ್ತಿ, ನಿಂಬೆಹಣ್ಣು, ಎಲ್ಲ.”

“ಮೂಗಿಗೇನೂ ಮುಟ್ಟಿಲ್ಲ ತಾನೆ?”

ಮೆಟ್ಟಿಲ ಬಳಿ ಯಜಮಾನರು ವಾಚು ನೋಡಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಆರತಿ ತಟ್ಟೆ ಹಿಡಿದು ಏಕನಾಥಮ್ಮ ನಿಂತಿದ್ದರು. ಪ್ರದೀಪ್ ನನ್ನನ್ನೇ ನೋಡುತ್ತಿದ್ದ. ಚಿಕ್ಕಂದಿನಲ್ಲಿ ನಾನು ಸೈಕಲ್ಲಿನ ಹಿಂದೆ ಹಿಡಿದು ಓಡುವಾಗ, ‘ಬಿಟ್ಟಿಲ್ಲ ತಾನೆ ಮಾವ’ ಎಂದು ತಿರುಗಿ ನೋಡುತ್ತಿದ್ದ. ಅದೇ ನೋಟ.

“ಇಲ್ಲ,” ಎಂದೆ.

“ಸರಿ ಹಂಗಾದ್ರೆ. ಹೋಗಾಣ ಸಾರ್,” ಎಂದು ಯಜಮಾನರನ್ನು ಹತ್ತಿಸಿಕೊಂಡು ಬಾಗಿಲು ಹಾಕಿಕೊಂಡ.

ವಿಮಾನ ಓಡತೊಡಗಿತು. ಅರ್ಧ ರನ್‌ವೇ ದಾಟಿದಾಗ ಒಂದು ಕ್ಷಣ ಅದರ ಸದ್ದು ತಗ್ಗಿ ಮತ್ತೆ ಏರಿತು. ಅವನಿಗೆ ಅನುಮಾನ ಬಂದದ್ದು ಅಲ್ಲಿಯೇ ಎಂದು ಆಮೇಲೆ ತನಿಖೆಯವರು ಹೇಳಿದರು. ನಿಲ್ಲಿಸಲು ಮುಂದೆ ಜಾಗ ಉಳಿದಿರಲಿಲ್ಲ. ಆ ನಾನೂರು ಮೀಟರ್ ಮುಂದಿನ ವರ್ಷದ್ದಾಗಿತ್ತಲ್ಲ. ವಿಮಾನ ನೆಲ ಬಿಟ್ಟಿತು. ಪಕ್ಕದಲ್ಲಿ ಅಮ್ಮ ಆರತಿ ತಟ್ಟೆಯನ್ನು ಹಣೆಗೊತ್ತಿಕೊಂಡರು.

ಕೊಳವೆ ಕಟ್ಟಿಕೊಂಡರೆ ಮೀಟರ್ ಸುಮ್ಮನಿರುವುದಿಲ್ಲವಂತೆ. ಮೇಲೆ ಏರಿದಷ್ಟೂ ವೇಗ ಹೆಚ್ಚುತ್ತಿದೆ ಎಂದು ಸುಳ್ಳು ತೋರಿಸುತ್ತದಂತೆ. ಎರಡು ಮೀಟರ್ ಎರಡು ಸುಳ್ಳು ಹೇಳುವಾಗ, ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇಲ್ಲದ ಹುಡುಗ ಯಾವುದನ್ನು ನಂಬಬೇಕು? ವೇಗ ತಗ್ಗಿಸಲು ಅವನು ಮೂಗನ್ನು ಮೇಲಕ್ಕೆತ್ತುತ್ತಾ ಹೋದ. ನಮಗೆ ಕೆಳಗಿನಿಂದ ಕಂಡದ್ದು ಇಷ್ಟು. ವಿಮಾನ ನೆಟ್ಟಗೆ, ಇನ್ನೂ ನೆಟ್ಟಗೆ ಎದ್ದು ನಿಂತಿತು. ನಿಂತೇಬಿಟ್ಟಿತು. ಆಮೇಲೆ ಎಡಕ್ಕೆ ವಾಲಿ ಗುಡ್ಡದ ಆಚೆಗೆ ಇಳಿಯಿತು. ಬೇಲಿಯ ಆಚೆ ಇನ್ನೂರು ಕುರಿಗಳೂ ಒಂದೇ ಸಲ ತಲೆಯೆತ್ತಿದವು. ಅದಾದ ಮೇಲೆ ಸದ್ದು ಬಂತು.

“ಪೂಜೆ ಮಾಡಿದ್ನಲ್ಲಪ್ಪ,” ಎಂದರು ಏಕನಾಥಮ್ಮ ನನ್ನ ತೋಳು ಹಿಡಿದುಕೊಂಡು. “ಮುಖಕ್ಕೂ ಮಾಡಿದ್ನಲ್ಲ.”

ಯಜಮಾನರೂ ಉಳಿಯಲಿಲ್ಲ, ಪ್ರದೀಪನೂ ಉಳಿಯಲಿಲ್ಲ. ತಿಂಗಳಾದ ಮೇಲೆ ತನಿಖೆಯ ಇಬ್ಬರು ಅಧಿಕಾರಿಗಳು ಬಂದರು. ಎಡಗೊಳವೆಯಲ್ಲಿ ಏನೋ ಸುಟ್ಟು ಕರಕಲಾಗಿ ಗಟ್ಟಿಯಾಗಿದೆ, ಏನಿರಬಹುದು ಎಂದು ಕೇಳಿದರು. ಮಣ್ಣಿನ ಗೂಡು ಕಟ್ಟುವ ಕಣಜದ ಹುಳ ಇಂಥ ತೂತುಗಳಲ್ಲಿ ಸೇರಿಕೊಳ್ಳುವುದುಂಟು ಎಂದು ಅವರೇ ಮಾತು ಎತ್ತಿದರು. “ಇರಬೋದು ಸಾರ್, ನಮ್ಮ ಕಡೆ ಕಣಜ ಜಾಸ್ತಿ,” ಎಂದೆ. ಅವರು ಹಾಗೇ ಬರೆದುಕೊಂಡರು. ಆ ಮುದುಕಿಗೆ ನಿಜ ಗೊತ್ತಾಗಬಾರದೆಂದು ಹಾಗೆ ಹೇಳಿದೆ ಎಂದುಕೊಂಡೆ. ಅದೂ ಸುಳ್ಳೇ.

ಹೋದ ಭಾನುವಾರ ಅನುಸೂಯಳನ್ನು ನೋಡಲು ಹೊಸದುರ್ಗಕ್ಕೆ ಹೋಗಿದ್ದೆ. ಬಾಗಿಲು ತೆರೆದೇ ಇತ್ತು. ಅವಳು ಸ್ಟೂಲಿನ ಮೇಲೆ ನಿಂತು, ಸೀರೆ ಸಿಕ್ಕಿಸಿಕೊಂಡು, ಕಬ್ಬಿಣದ ಸಲಾಕೆಯಿಂದ ಕಿಟಕಿಯ ಮೇಲಿನ ಮಣ್ಣಿನ ಗೂಡೊಂದನ್ನು ಕುಟ್ಟುತ್ತಿದ್ದಳು. ನೆಲದ ತುಂಬ ಒಡೆದ ಗೂಡುಗಳು, ಬಿಳಿ ಮರಿಹುಳಗಳು. ಅವಳ ಎಡಗಣ್ಣು ಕಡಿತಕ್ಕೆ ಊದಿಕೊಂಡಿತ್ತು. ಅವಳದ್ದು ಮುಗಿದ ಮೇಲೆ ಅಕ್ಕಪಕ್ಕದ ಮನೆಗಳಿಗೂ ಹೋಗಿ ಕುಟ್ಟಿ ಬರುತ್ತಾಳೆಂದು ಬೀದಿಯವರು ಆಗಲೇ ಹೇಳಿದ್ದರು.

“ಇಷ್ಟೇ ಇಷ್ಟು ಹುಳ ಅಣ್ಣ,” ಎಂದಳು ನನ್ನತ್ತ ತಿರುಗದೆ. “ಇದಕ್ಕೆ ನನ್ನ ಮಗನೇ ಬೇಕಾಗಿದ್ನಾ? ಊರಲ್ಲಿ ಒಂದೂ ಉಳಿಸಲ್ಲ ನಾನು.”

“ಅನುಸೂಯ, ಇಳಿ ಕೆಳಗೆ.”

“ಇನ್ನೊಂದೈತೆ, ತಡಿ.”

“ಬಿಡು ಅದನ್ನ. ಹುಳದ್ದೇನೂ ತಪ್ಪಿಲ್ಲ.”

ಸಲಾಕೆ ನಿಂತಿತು. ಊದಿದ ಕಣ್ಣಿನಿಂದಲೇ ನನ್ನನ್ನು ನೋಡಿದಳು. “ಮತ್ತೆ ಯಾರ್ದು?”

ನಾನು ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ಹೊಸ್ತಿಲಲ್ಲೇ ನಿಂತು, ಕೆಂಪು ಟೋಪಿ ತೆಗೆದಲ್ಲಿಂದ ಶುರು ಮಾಡಿ, ಪ್ರದೀಪ್ ವಾಸನೆಯ ಬಗ್ಗೆ ಕೇಳಿದ್ದು, ನಾನು ಇಲ್ಲ ಎಂದದ್ದರವರೆಗೆ ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ ಅವಳು ನಿಧಾನಕ್ಕೆ ಕೆಳಗಿಳಿದಳು. ಸಲಾಕೆಯನ್ನು ಗೋಡೆಗೆ ಒರಗಿಸಿದಳು. ಮಂಡಿಯೂರಿ ಕೂತು, ನೆಲದ ಮೇಲೆ ಇನ್ನೂ ಮಿಸುಕಾಡುತ್ತಿದ್ದ ಬಿಳಿ ಮರಿಗಳನ್ನು ಒಂದೊಂದಾಗಿ ಆರಿಸಿ ಒಡೆದ ಗೂಡಿನೊಳಗೆ ಇಡತೊಡಗಿದಳು.

“ನೀನು ಹೋಗು ಅಣ್ಣ,” ಎಂದಳು.