ಕೂಟದ ಮರ್ಯಾದೆ

ಗೂಡಲೂರಿನ ಘಟ್ಟದ ದಾರಿಯಲ್ಲಿ ಏಲಕ್ಕಿ ವ್ಯಾಪಾರಿಯೊಬ್ಬನನ್ನು ಯಾರೋ ಬಡಿದು ದೋಚಿದರು. ತಪ್ಪಿಸಿಕೊಂಡ ಹಸುವನ್ನು ಹುಡುಕುತ್ತ ಅದೇ ದಾರಿಯಲ್ಲಿ ಬರುತ್ತಿದ್ದ ಪಿಚ್ಚೈಯನ್ನು ಪೊಲೀಸರು ಹಿಡಿದುಕೊಂಡು ಹೋದರು. ಹಸು ಮಾರನೆಯ ದಿನ ತಾನಾಗಿಯೇ ಕೊಟ್ಟಿಗೆಗೆ ಬಂತು. ಪಿಚ್ಚೈ ಬರಲಿಲ್ಲ.

ತಾಯಿ ತಂಗಮ್ಮಾಳಿಗೆ ಇದ್ದವನು ಅವನೊಬ್ಬನೇ. ಮಗ ಮನೆಗೆ ಬಂದರೆ ಸಾಕೆಂದು ಅವಳು ಅಣ್ಣ ಗುರುಸಾಮಿಯ ಕಾಲು ಹಿಡಿದಳು. ಗುರುಸಾಮಿ ತಮಿಳು ಸೀಮೆಯ ಆ ಕಣಿವೆಯಲ್ಲಿ ನೆಲೆಸಿದ್ದ ಕನ್ನಡದವರ ಕೂಟಕ್ಕೆ, ಅಂದರೆ ಕುಲದ ಪಂಚಾಯಿತಿಗೆ, ಯಜಮಾನ. ಅವರ ಜಗಳ, ಪಾಲು, ಹೆಣ್ಣು ಗಂಡಿನ ತಕರಾರು ಎಲ್ಲ ತೀರುತ್ತಿದ್ದದ್ದು ಅವನ ಮುಂದೆಯೇ. ತನಗೆ ತಿಳಿಯದ ನ್ಯಾಯ ಲೋಕದಲ್ಲಿಲ್ಲ ಎಂಬ ಗತ್ತು ಬೇರೆ. ದಿಂಡಿಗಲ್ಲಿನಲ್ಲಿ ಬಿಳಿಯ ದೊರೆ ನ್ಯಾಯ ಹೇಳುವ ಕಚೇರಿಯ ಜಗಲಿಯಲ್ಲಿ ಸೋದರಳಿಯನಿಗೆ ಪಾಠ ಹೇಳಿದ.

"ದೊರೆ ಮುಂದೆ ನೆಟ್ಟಗೆ ನಿಂತ್ಕೊಂಡು ಎದುರಾಡ್ಬೇಡ. ಉದ್ದಕ್ಕೆ ಬೀಳು. ತಪ್ಪು ನಂದೇ ಸಾಮಿ, ಕಾಪಾಡ್ಬೇಕು ಅನ್ನು."

"ನಾ ಮಾಡ್ಲೇ ಇಲ್ವಲ್ಲ ಮಾಮಾ."

"ಅದೆಲ್ಲ ಅಪ್ಪುರಂ. ಮೊದ್ಲು ಮರ್ಯಾದೆ."

ಕೂಟದ ಪದ್ಧತಿ ಹಾಗೆಯೇ ಇತ್ತು. ದೂರು ತಂದವನೂ ಬೀಳಬೇಕು, ದೂರಿಗೆ ಸಿಕ್ಕವನೂ ಬೀಳಬೇಕು, ಇಬ್ಬರೂ ತಪ್ಪು ತನ್ನದೇ ಎನ್ನಬೇಕು. ಆಮೇಲೆ ಹಿರಿಯರು ತೋಳು ಹಿಡಿದು ಎಬ್ಬಿಸಿ, ಏನು ನಡೆಯಿತೆಂದು ಕೇಳುತ್ತಾರೆ. ನಿಜವಾದ ವಿಚಾರಣೆ ಅಲ್ಲಿಂದ ಶುರು. ಮಗನ ಹಟದಿಂದ ಕೆಲಸ ಕೆಡದಿರಲಿ ಎಂದು ತಂಗಮ್ಮಾಳೂ ತಲೆಯಾಡಿಸಿದಳು.

ಪಿಚ್ಚೈ ಬಿದ್ದ, ಹೇಳಿಕೊಟ್ಟದ್ದನ್ನು ಹೇಳಿದ. ದುಭಾಷಿ ಅದನ್ನು ಇಂಗ್ಲಿಷಿಗೆ ತಿರುಗಿಸಿದ, ದೊರೆ ಬರೆದುಕೊಂಡ. ಈಗ ಎಬ್ಬಿಸುತ್ತಾರೆ, ಈಗ ಕೇಳುತ್ತಾರೆ ಎಂದು ಮೂವರೂ ಕಾದರು. ಎಬ್ಬಿಸಿದವನು ಪೊಲೀಸಿನವನು. ಎರಡು ವರ್ಷ ಜೈಲು ಎಂದು ದುಭಾಷಿ ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಮೊಕದ್ದಮೆ ಕೂಗಿದರು.

"ಇನ್ನೂ ಕೇಳ್ಲೇ ಇಲ್ವಲ್ಲ ಸಾಮಿ" ಎಂದು ತಂಗಮ್ಮಾಳ್ ಬಾಗಿಲಿನ ಸೇವಕನನ್ನು ಗೋಗರೆದಳು. ನಿನ್ನ ಮಗನೇ ಒಪ್ಪಿಕೊಂಡ ಮೇಲೆ ಕೇಳುವುದೇನಿದೆ ಎಂದು ಅವನು ನಕ್ಕುಬಿಟ್ಟ.

ಮರುವರ್ಷ ಬತ್ತಲಗುಂಡಿನ ಸಂತೆಯಲ್ಲಿ ಆ ವ್ಯಾಪಾರಿಯ ಬೆಳ್ಳಿಯ ಉಡಿದಾರ ಮಾರಲು ಹೋದವನೊಬ್ಬ ಸಿಕ್ಕಿಬಿದ್ದು ಎಲ್ಲವನ್ನೂ ಕಕ್ಕಿದ. ಪಿಚ್ಚೈ ಆಗಲೂ ಹೊರಗೆ ಬರಲಿಲ್ಲ. ಮಾಡದವನು ಒಪ್ಪಿಕೊಂಡದ್ದೇಕೆ ಎಂಬುದು ಸರ್ಕಾರಕ್ಕೆ ಅರ್ಥವಾಗಬೇಕಿತ್ತು. ಅಷ್ಟರಲ್ಲಿ ಇನ್ನೊಂದು ಮಳೆಗಾಲ ಕಳೆಯಿತು. ಕೊನೆಗೆ ಅವನನ್ನು ಕ್ಷಮಿಸಿ ಬಿಟ್ಟರಂತೆ. ಮಾಡದ ತಪ್ಪಿಗೆ ಕ್ಷಮೆ. ಸರ್ಕಾರದ ಧಾರಾಳಕ್ಕೆ ಕೈಮುಗಿಯಬೇಕು.

ಬಂದ ಮಗ ಎಲುಬಿನ ಗೂಡಾಗಿದ್ದ. ಅವನು ಅಂಗಳದಲ್ಲಿ ಕೂತು ಉಣ್ಣುತ್ತಿದ್ದಾಗ ಗುರುಸಾಮಿ ಬಂದ.

"ಜೈಲಲ್ಲಿ ಕಂಡವರ ಕೈ ಅನ್ನ ಉಂಡವ್ನೆ ತಂಗಚ್ಚಿ. ಕೂಟ ಸೇರ್ಸಿ ಶುದ್ಧಿ ಮಾಡ್ಬೇಕು."

ತಂಗಮ್ಮಾಳಿಗೆ ಮೈಯೆಲ್ಲ ಉರಿಯಿತು. "ಅವತ್ತು ಆಡಿದ್ದು ನಿನ್ನ ಮಾತಣ್ಣಾ. ಜೈಲು ಮಾತ್ರ ಇವನ ಪಾಲಿಗೆ ಬಂತು" ಎಂದವಳು ಮಗನ ಕಡೆ ತಿರುಗಿದಳು. "ಹೇಳುಡಾ ಪಿಚ್ಚೈ. ನಾ ಮಾಡ್ಲಿಲ್ಲ ಅಂತ ಇವತ್ತಾದ್ರೂ ನಿನ್ನ ಮಾಮನ ಮೊಕಕ್ಕೆ ಹೇಳು."

ಪಿಚ್ಚೈ ತುತ್ತನ್ನು ಎಲೆಯಲ್ಲೇ ಬಿಟ್ಟ.

"ಅಲ್ಲಿ ಜೈಲಿನ ಕಾವಲಿನವ್ರು, ಏನ್ ಮಾಡಿ ಬಂದೆ ಅಂತ ದಿನಾ ಕೇಳೋರು ಅವ್ವಾ. ಇಲ್ಲ ಅಂದ್ರೆ ಹೊಡೆಯೋರು, ಕದ್ದೆ ಅಂದ್ರೆ ಬಿಡೋರು. ಹೇಳಿ ಹೇಳಿ ಈಗ ಆ ವ್ಯಾಪಾರಿ ಕೂಗಿದ್ದೂ ಕಿವಿಗೆ ಕೇಳ್ತದೆ. ಮಾಡಿದ್ನೋ ಏನೋ."

"ಇಲ್ಲಪ್ಪಾ, ನೀ ಮಾಡ್ಲಿಲ್ಲ. ನಂಗೊತ್ತು."

ಹೆತ್ತವಳು ಇನ್ನೇನು ಹೇಳಿಯಾಳು ಎಂಬಂತೆ ಪಿಚ್ಚೈ ಅವಳನ್ನು ನೋಡಿದ. ಅವನು ನಂಬಲಿಲ್ಲ.